ಝೆರಾಕ್ಸ್ ಅಂಗಡಿ, ಸ್ಟುಡಿಯೋ, ಡಿಟಿಪಿ ಕೆಲಸಕ್ಕೆ ಕಮಾಂಡ್ ಲೈನ್: ಮೊದಲು ನೋಡಿ, ಆಮೇಲೆ ಎಂಟರ್ ಒತ್ತಿ

ಬೆಳಗಾವಿಯ ಸ್ಟುಡಿಯೋದವರಿಗೆ ಒಂದು ಮದುವೆ ಮುಗಿಯಿತೆಂದರೆ ಸಾವಿರಾರು ಫೋಟೋಗಳನ್ನು ಕಾರ್ಡಿನಿಂದ ಇಳಿಸುವ ಕೆಲಸ. ಬಾಗಲಕೋಟೆ ನವನಗರದ ಆನ್‌ಲೈನ್ ಸೆಂಟರಿನಲ್ಲಿ ನೇಮಕಾತಿ ಅರ್ಜಿಯ ಕೊನೆ ದಿನ ಬಂತೆಂದರೆ ಎಲ್ಲರದ್ದೂ ಒಂದೇ ಬೇಡಿಕೆ: ಫೋಟೋ ಇಷ್ಟು ಕೆಬಿ ಒಳಗೆ, ಸಹಿ ಇಷ್ಟು ಕೆಬಿ ಒಳಗೆ. ವಿಜಯಪುರದ ಡಿಟಿಪಿ ಅಂಗಡಿಯಲ್ಲಿ ಬೇಸಿಗೆ ಮಧ್ಯಾಹ್ನ ಕಾಪಿ ಆಗುತ್ತಿರುವಾಗಲೇ ಕರೆಂಟ್ ಹೋಗುತ್ತದೆ. ಮೌಸ್ ಹಿಡಿದು ಒಂದೊಂದೇ ಫೈಲ್ ತೆರೆದು ಮುಚ್ಚುತ್ತ ಕೂತರೆ ಇಂಥ ಕೆಲಸಕ್ಕೆ ಇಡೀ ದಿನ ಸಾಲದು. ವಿಂಡೋಸ್‌ನೊಳಗೇ ಇರುವ ಕೆಲವು ಕಮಾಂಡ್ (ಟೈಪ್ ಮಾಡಿ ಕೊಡುವ ಆಜ್ಞೆ), ಹೊರಗಿನಿಂದ ಹಾಕಿಕೊಳ್ಳುವ ನಾಲ್ಕೈದು ಉಚಿತ ಸಾಫ್ಟ್‌ವೇರ್, ಇಷ್ಟಿದ್ದರೆ ಸಾಕು.

ಒಂದು ಅಭ್ಯಾಸ ಮಾತ್ರ ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು. ಫೈಲನ್ನು ಬದಲಿಸುವ, ಅಳಿಸುವ, ಸಾಗಿಸುವ ಯಾವ ಕಮಾಂಡನ್ನೂ ನೇರವಾಗಿ ಓಡಿಸಬಾರದು. ಅದು ಯಾವ ಫೈಲಿಗೆ ಕೈ ಹಾಕಲಿದೆ ಎಂದು ಮೊದಲು ತೋರಿಸಿಕೊಳ್ಳಬೇಕು. ಕಮಾಂಡ್ ಲೈನಿನಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಕಂಟ್ರೋಲ್ ಜೆಡ್ ಒತ್ತಿದರೂ ಮರಳುವುದಿಲ್ಲ. ಹಾಗಾಗಿ ಕೆಳಗೆ ಪ್ರತಿ ಕೆಲಸಕ್ಕೂ ಮೊದಲು ನೋಡುವ ದಾರಿ ಯಾವುದು ಎಂದು ಹೇಳಿದೆ.

ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಗೆರೆ, ಚುಕ್ಕೆ, ಉದ್ಧರಣ ಚಿಹ್ನೆ, ನಡುವೆ ಬಿಟ್ಟ ಜಾಗ ಎಲ್ಲವೂ ಇದ್ದಂತೆಯೇ ಇರಬೇಕು. ಫೋಲ್ಡರ್ ಮತ್ತು ಫೈಲಿನ ಹೆಸರು ಮಾತ್ರ ಕನ್ನಡದಲ್ಲಿಯೇ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ.

ತೆರೆಯುವುದು, ಕೈ ಪಳಗಿಸುವುದು

ಕೆಲಸ ಮಾಡಬೇಕಾದ ಫೋಲ್ಡರನ್ನು ಎಂದಿನಂತೆ ಎಕ್ಸ್‌ಪ್ಲೋರರ್‌ನಲ್ಲಿ ತೆರೆಯಿರಿ. ಮೇಲಿನ ಅಡ್ರೆಸ್ ಪಟ್ಟಿಯ ಮೇಲೆ ಕ್ಲಿಕ್ ಮಾಡಿ, ಅಲ್ಲಿದ್ದದ್ದನ್ನು ಅಳಿಸಿ, ಸಿಎಂಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಪರದೆ ಅದೇ ಫೋಲ್ಡರಿನೊಳಗೆ ನಿಂತು ತೆರೆದುಕೊಳ್ಳುತ್ತದೆ. ಹೀಗೆ ಮಾಡಿದರೆ ತಪ್ಪು ಫೋಲ್ಡರಿನಲ್ಲಿ ನಿಂತು ಕಮಾಂಡ್ ಕೊಡುವ ಅಪಾಯ ಅರ್ಧ ಕಡಿಮೆಯಾಗುತ್ತದೆ.

ಹೆಸರಿನ ಮೊದಲ ಎರಡು ಅಕ್ಷರ ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಉಳಿದದ್ದನ್ನು ಅದೇ ತುಂಬುತ್ತದೆ. ಹೆಸರಿನ ನಡುವೆ ಜಾಗ ಇದ್ದರೆ ಉದ್ಧರಣ ಚಿಹ್ನೆಯನ್ನೂ ಅದೇ ಹಾಕುತ್ತದೆ. ಮೇಲಿನ ಬಾಣ ಒತ್ತಿದರೆ ಹಿಂದೆ ಕೊಟ್ಟ ಕಮಾಂಡ್ ಮರಳುತ್ತದೆ. ಓಡುತ್ತಿರುವುದನ್ನು ನಿಲ್ಲಿಸಲು ಕಂಟ್ರೋಲ್ ಸಿ. ಫೋಲ್ಡರನ್ನು ಎಳೆದು ಕಪ್ಪು ಪರದೆಯ ಮೇಲೆ ಬಿಟ್ಟರೆ ಅದರ ಪೂರ್ತಿ ದಾರಿ ಟೈಪ್ ಆಗುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಪರದೆಯಲ್ಲಿ ಮಾತ್ರ ಈ ಎಳೆದು ಬಿಡುವುದು ನಡೆಯುವುದಿಲ್ಲ. ಅದು ಭದ್ರತೆಗೆಂದು ವಿಂಡೋಸ್ ಹಾಕಿದ ತಡೆ, ನಿಮ್ಮ ಮೌಸ್ ಕೆಟ್ಟಿಲ್ಲ.

ಕನ್ನಡ ಹೆಸರಿನ ಫೈಲುಗಳು ಹಳೆಯ ಪರದೆಯಲ್ಲಿ ಚೌಕ ಚೌಕವಾಗಿ ಕಾಣುತ್ತವೆ. ವಿಂಡೋಸ್ 11ರಲ್ಲಿ ಬರುವ, ವಿಂಡೋಸ್ 10ಕ್ಕೆ ಸ್ಟೋರ್‌ನಿಂದ ಹಾಕಿಕೊಳ್ಳಬಹುದಾದ ವಿಂಡೋಸ್ ಟರ್ಮಿನಲ್‌ನಲ್ಲಿ ಅಕ್ಷರ ಕಾಣುತ್ತವೆ, ಒತ್ತಕ್ಷರ ಮಾತ್ರ ಒಡೆದು ಕಾಣಬಹುದು. ಎರಡೂ ಕಡೆ ಫೈಲಿಗೆ ಏನೂ ಆಗಿರುವುದಿಲ್ಲ, ತೋರಿಸುವುದರಲ್ಲಷ್ಟೇ ಕೊರತೆ. ಫೋಲ್ಡರಿನಲ್ಲಿರುವ ಹೆಸರುಗಳ ಪಟ್ಟಿಯನ್ನು ಫೈಲಿಗೆ ಬರೆಸಬೇಕಾದರೆ ಮಾತ್ರ ಎಚ್ಚರ ಬೇಕು. ಮೊದಲು ಸಿಎಚ್‌ಸಿಪಿ 65001 ಕೊಟ್ಟು, ಆಮೇಲೆ ಇದನ್ನು ಕೊಡಿ:

ಡಿಐಆರ್ /ಬಿ /ಎಸ್ > ಪಟ್ಟಿ.ಟಿಎಕ್ಸ್‌ಟಿ

65001 ಎಂದರೆ ಯುಟಿಎಫ್-8, ಕನ್ನಡವೂ ಸೇರಿ ಎಲ್ಲ ಲಿಪಿಯ ಅಕ್ಷರಗಳನ್ನು ಬರೆದಿಡುವ ವಿಧಾನ. ಅದನ್ನು ಕೊಡದೆ ಪಟ್ಟಿ ಬರೆಸಿದರೆ ಕನ್ನಡ ಇದ್ದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳೇ ಉಳಿಯುತ್ತವೆ, ಮತ್ತು ಅದರಿಂದ ಮೂಲ ಹೆಸರು ಮರಳಿ ಬರುವುದಿಲ್ಲ.

"ಸರ, ಪೆನ್‌ಡ್ರೈವ್‌ನ್ಯಾಗ ಏನೂ ಕಾಣವಲ್ದು"

ಈ ಮಾತು ಕೇಳದ ಝೆರಾಕ್ಸ್ ಅಂಗಡಿ ನಮ್ಮ ಮೂರು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಹತ್ತು ಅಂಗಡಿ ತಿರುಗಿದ ಪೆನ್‌ಡ್ರೈವಿಗೆ ಶಾರ್ಟ್‌ಕಟ್ ವೈರಸ್ ಸೇರಿರುತ್ತದೆ. ಅದು ನಿಜವಾದ ಫೋಲ್ಡರುಗಳನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಆ ಶಾರ್ಟ್‌ಕಟ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ನಿಮ್ಮ ಸಿಸ್ಟಂಗೂ ಬರುತ್ತದೆ. ಆದ್ದರಿಂದ ಎಕ್ಸ್‌ಪ್ಲೋರರ್‌ನಲ್ಲಿ ಏನನ್ನೂ ಒತ್ತದೆ, ಕಪ್ಪು ಪರದೆಯಿಂದಲೇ ನೋಡಿ. ಪೆನ್‌ಡ್ರೈವ್ ಇ ಎಂದುಕೊಳ್ಳೋಣ:

ಡಿಐಆರ್ /ಎ ಇ:\

/ಎ ಇದ್ದರೆ ಅಡಗಿದವೂ ಕಾಣುತ್ತವೆ. ಫೋಲ್ಡರುಗಳು ಇಲ್ಲಿ ಕಂಡರೆ ಡೇಟಾ ಹೋಗಿಲ್ಲ ಎಂದೇ ಅರ್ಥ, ಗಿರಾಕಿಗೆ ಧೈರ್ಯ ಹೇಳಬಹುದು. ಈಗ ಅಡಗಿಸಿದ ಗುರುತುಗಳನ್ನು ತೆಗೆಯಿರಿ. ಕಮಾಂಡಿನ ಹೆಸರು ಎ-ಟಿ-ಟಿ-ಆರ್-ಐ-ಬಿ:

ಅಟ್ರಿಬ್ -ಎಚ್ -ಎಸ್ -ಆರ್ ಇ:\*.* /ಎಸ್ /ಡಿ

-ಎಚ್ ಒಂದನ್ನೇ ಕೊಟ್ಟರೆ ಬಹಳ ಸಲ ಕೆಲಸ ಆಗುವುದಿಲ್ಲ. ವೈರಸ್ ಸಿಸ್ಟಂ ಗುರುತನ್ನೂ ಹಾಕಿರುತ್ತದೆ. ಎಸ್ ಗುರುತು ಇರುವ ಫೈಲಿನ ಎಚ್ ಗುರುತನ್ನು ಮಾತ್ರ ತೆಗೆಯಲು ಅಟ್ರಿಬ್ ಒಪ್ಪುವುದಿಲ್ಲ. ಅದಕ್ಕೇ ಎರಡನ್ನೂ ಒಟ್ಟಿಗೆ ಕೊಡಬೇಕು. /ಡಿ ಬಿಟ್ಟರೆ ಫೈಲುಗಳಷ್ಟೇ ಕಾಣಿಸಿಕೊಂಡು ಫೋಲ್ಡರುಗಳು ಅಡಗಿಯೇ ಇರುತ್ತವೆ. ನಡುವೆ ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್ ಬಗ್ಗೆ ಆಕ್ಸೆಸ್ ಡಿನೈಡ್ ಎಂದು ಬಂದರೆ ಚಿಂತೆ ಬೇಡ, ಅದು ವಿಂಡೋಸ್‌ನದೇ ಫೋಲ್ಡರ್.

ಕೆಲವು ವೈರಸ್‌ಗಳು ಎಲ್ಲವನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರಿನೊಳಗೆ ತುರುಕುತ್ತವೆ. ಆ ಹೆಸರು ಕಣ್ಣಿಗೆ ಕಾಣದ ಜಾಗದ ಅಕ್ಷರ. ಅಟ್ರಿಬ್ ಆದಮೇಲೆ ಎಕ್ಸ್‌ಪ್ಲೋರರ್‌ನಲ್ಲಿ ಅದನ್ನು ಒಂದೇ ಸಲ ಒತ್ತಿ ಆಯ್ದು, ಎಫ್2 ಒತ್ತಿ ಬೇರೆ ಹೆಸರು ಕೊಡಿ. ಆಮೇಲೆ ಶಾರ್ಟ್‌ಕಟ್‌ಗಳನ್ನು ತೆಗೆಯುವ ಕೆಲಸ. ಮೊದಲು ನೋಡುವುದು, ಆಮೇಲೆ ಅಳಿಸುವುದು:

ಡಿಐಆರ್ ಇ:\*.ಎಲ್‌ಎನ್‌ಕೆ

ಡಿಇಎಲ್ ಇ:\*.ಎಲ್‌ಎನ್‌ಕೆ

ಎರಡನೆಯದನ್ನು ಟೈಪ್ ಮಾಡಬೇಡಿ. ಮೇಲಿನ ಬಾಣ ಒತ್ತಿ ಮೊದಲನೆಯದನ್ನೇ ತಂದು, ಡಿಐಆರ್ ಇದ್ದಲ್ಲಿ ಡಿಇಎಲ್ ಎಂದು ಬದಲಿಸಿ. ಕಂಡದ್ದೇ ಅಳಿಯುತ್ತದೆ, ಕಾಣದ್ದು ಅಳಿಯುವುದಿಲ್ಲ. ಕೊನೆಗೆ ಆಂಟಿವೈರಸ್‌ನಿಂದ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ. ಅಟ್ರಿಬ್ ವೈರಸ್ಸನ್ನು ಕೊಲ್ಲುವುದಿಲ್ಲ, ಅದು ಅಡಗಿಸಿದ್ದನ್ನು ಹೊರಗೆ ತರುತ್ತದೆ ಅಷ್ಟೇ.

ರೋಬೋಕಾಪಿ

ಕಂಟ್ರೋಲ್ ಸಿ, ಕಂಟ್ರೋಲ್ ವಿ ಮಾಡಿ ಇನ್ನೂರು ಜಿಬಿ ಸಾಗಿಸುವಾಗ ನಡುವೆ ಒಂದು ಫೈಲ್ ಓದಲಾಗದೆ ನಿಂತರೆ ಇಡೀ ಕೆಲಸ ನಿಲ್ಲುತ್ತದೆ. ಕರೆಂಟ್ ಹೋದರೆ ಎಲ್ಲಿಯವರೆಗೆ ಆಗಿತ್ತು ಎಂದೇ ತಿಳಿಯುವುದಿಲ್ಲ. ರೋಬೋಕಾಪಿ ಇದಕ್ಕೆಂದೇ ಇದೆ, ವಿಂಡೋಸ್ ವಿಸ್ಟಾದಿಂದ ಈಚೆಗೆ ಎಲ್ಲ ವಿಂಡೋಸ್‌ನಲ್ಲೂ ಬರುತ್ತದೆ. ಬರೆಯುವುದು ಆರ್-ಒ-ಬಿ-ಒ-ಸಿ-ಒ-ಪಿ-ವೈ:

ರೋಬೋಕಾಪಿ "ಡಿ:\ಮದುವೆ" "ಇ:\ಮದುವೆ" /ಇ /ಝಡ್ /ಆರ್:2 /ಡಬ್ಲ್ಯೂ:5 /ಎಲ್

ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ. /ಇ ಎಂದರೆ ಒಳಗಿನ ಫೋಲ್ಡರುಗಳನ್ನೂ, ಖಾಲಿ ಇದ್ದರೂ, ತೆಗೆದುಕೊಂಡು ಹೋಗು. /ಝಡ್ ಎಂದರೆ ನಡುವೆ ನಿಂತ ದೊಡ್ಡ ಫೈಲನ್ನು ನಿಂತಲ್ಲಿಂದ ಮುಂದುವರಿಸು. ಸ್ವಲ್ಪ ನಿಧಾನ ಆಗುತ್ತದೆ, ಆದರೆ ನಮ್ಮ ಕಡೆಯ ಕರೆಂಟಿಗೆ ಆ ನಿಧಾನ ಲಾಭದ್ದೇ. /ಆರ್:2 /ಡಬ್ಲ್ಯೂ:5 ಎಂದರೆ ಓದಲಾಗದ ಫೈಲಿಗೆ ಎರಡು ಸಲ ಮತ್ತೆ ಯತ್ನಿಸು, ನಡುವೆ ಐದು ಸೆಕೆಂಡು ಕಾಯಿ. ಇದನ್ನು ಎಂದೂ ಬಿಡಬೇಡಿ. ಬಿಟ್ಟರೆ ರೋಬೋಕಾಪಿಯ ಮೂಲ ಲೆಕ್ಕ ಹತ್ತು ಲಕ್ಷ ಯತ್ನ, ಪ್ರತಿ ಯತ್ನಕ್ಕೆ 30 ಸೆಕೆಂಡು. ಕೆಟ್ಟ ಒಂದು ಫೈಲಿನ ಮುಂದೆ ಅದು ಹಗಲು ರಾತ್ರಿ ನಿಂತಿರುತ್ತದೆ, ಹೊರಗಿನಿಂದ ನೋಡಿದವರಿಗೆ ಹ್ಯಾಂಗ್ ಆದಂತೆ ಕಾಣುತ್ತದೆ.

ಕೊನೆಯ /ಎಲ್ ಇದೆಯಲ್ಲ, ಅದೇ ನೋಡುವ ದಾರಿ. ಅದು ಇದ್ದರೆ ರೋಬೋಕಾಪಿ ಒಂದು ಫೈಲನ್ನೂ ಮುಟ್ಟದೆ, ಮಾಡಬೇಕಾಗಿದ್ದನ್ನು ಪಟ್ಟಿ ಮಾಡಿ ತೋರಿಸುತ್ತದೆ. ಕೆಳಗಿನ ಲೆಕ್ಕದಲ್ಲಿ ಟೋಟಲ್, ಕಾಪೀಡ್, ಸ್ಕಿಪ್ಡ್, ಫೇಲ್ಡ್, ಎಕ್ಸ್‌ಟ್ರಾಸ್ ಎಂಬ ಕಾಲಂ ಇರುತ್ತವೆ. ಎಕ್ಸ್‌ಟ್ರಾಸ್ ಎಂದರೆ ಹೋಗುವ ಜಾಗದಲ್ಲಿ ಇದ್ದು, ಮೂಲದಲ್ಲಿ ಇಲ್ಲದವು. ಆ ಸಂಖ್ಯೆ ಶೂನ್ಯ ಇರಬೇಕಾದಲ್ಲಿ ಏನಾದರೂ ಇದ್ದರೆ ತಪ್ಪು ಫೋಲ್ಡರ್ ತೋರಿಸಿದ್ದೀರಿ ಎಂದು ತಿಳಿಯಿರಿ. ಎಲ್ಲ ಸರಿ ಕಂಡರೆ ಮೇಲಿನ ಬಾಣ ಒತ್ತಿ, /ಎಲ್ ಅಳಿಸಿ, ಎಂಟರ್. ನಡುವೆ ಕರೆಂಟ್ ಹೋದರೆ ಬಂದಮೇಲೆ ಅದೇ ಕಮಾಂಡನ್ನೇ ಮತ್ತೆ ಕೊಡಿ: ಮುಗಿದವನ್ನು ಬಿಟ್ಟು ಉಳಿದವನ್ನು ಮಾಡುತ್ತದೆ.

/ಎಂಐಆರ್ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಎರಡು ಕಡೆಯನ್ನೂ ತದ್ರೂಪ ಮಾಡಲು ಇದನ್ನು ಬಹಳ ಜನ ಹೇಳಿಕೊಡುತ್ತಾರೆ. ಆದರೆ ತದ್ರೂಪ ಮಾಡುವುದೆಂದರೆ ಮೂಲದಲ್ಲಿ ಇಲ್ಲದ್ದನ್ನು ಹೋಗುವ ಜಾಗದಿಂದ ಅಳಿಸುವುದು. ಎಲ್ಲಿಂದ, ಎಲ್ಲಿಗೆ ಎಂಬುದು ಅದಲು ಬದಲಾಗಿ, ಹೊಸ ಖಾಲಿ ಡಿಸ್ಕ್ ಮೂಲದ ಜಾಗದಲ್ಲಿ ಬಂತೋ, ಮದುವೆಯ ಫೋಟೋ ಪೂರ್ತಿ ಹೋಯಿತು. ಯಾರ ಮದುವೆಯನ್ನೂ ಎರಡನೇ ಸಲ ತೆಗೆಯಲಾಗದು. ಬ್ಯಾಕಪ್‌ಗೆ /ಇ ಸಾಕು. ಹಳೆಯ ಫೈಲ್ ಒಂದಿಷ್ಟು ಹೆಚ್ಚಿಗೆ ಉಳಿದರೆ ಜಾಗ ಹೋಗುತ್ತದೆ, ಕೆಲಸ ಹೋಗುವುದಿಲ್ಲ.

ಇನ್ನು ಕೆಲವು ತೊಡಕುಗಳು ಪದೇ ಪದೇ ಎದುರಾಗುತ್ತವೆ. ಉದ್ಧರಣ ಚಿಹ್ನೆಯೊಳಗೆ ದಾರಿಯ ಕೊನೆಗೆ \ ಬರಬಾರದು, "ಡಿ:\ಮದುವೆ\" ಎಂದು ಬರೆದರೆ ಆ ಗೆರೆ ಮುಚ್ಚುವ ಚಿಹ್ನೆಯನ್ನೇ ನುಂಗಿ, ಎರಡು ದಾರಿ ಸೇರಿ ಒಂದಾಗಿ ದೋಷ ಬರುತ್ತದೆ. ಇಡೀ ಡ್ರೈವನ್ನು, ಅಂದರೆ ಡಿ:\ ಅನ್ನೇ, ಬೇರೆ ಡಿಸ್ಕಿನ ಫೋಲ್ಡರಿಗೆ ಕಾಪಿ ಮಾಡಿದಾಗ ಆ ಫೋಲ್ಡರ್ ಮಾಯವಾದಂತೆ ಕಾಣುತ್ತದೆ. ಡ್ರೈವಿನ ಬುಡಕ್ಕೆ ಇರುವ ಅಡಗಿದ ಗುರುತು ಜೊತೆಗೇ ಬಂದಿರುತ್ತದೆ. ಮೇಲಿನ ಅಟ್ರಿಬ್ -ಎಚ್ -ಎಸ್ ಅನ್ನು ಆ ಫೋಲ್ಡರಿನ ಹೆಸರಿಗೆ ಕೊಟ್ಟರೆ ಮರಳುತ್ತದೆ, ಇಲ್ಲವೇ ಮೊದಲೇ ರೋಬೋಕಾಪಿಗೆ /ಎ-:ಎಸ್‌ಎಚ್ ಸೇರಿಸಿ. ಯೂಸರ್ ಫೋಲ್ಡರನ್ನು ಪೂರ್ತಿ ಎತ್ತುವಾಗ /ಎಕ್ಸ್‌ಜೆ ಬೇಕೇ ಬೇಕು, ಇಲ್ಲದಿದ್ದರೆ ಒಂದರೊಳಗೊಂದು ಸುತ್ತುವ ಹಳೆಯ ಕೊಂಡಿಗಳೊಳಗೆ ಸಿಕ್ಕಿಕೊಳ್ಳುತ್ತದೆ. ಏನೂ ಬದಲಾಗದಿದ್ದರೂ ಪ್ರತಿ ಸಲ ಎಲ್ಲ ಫೈಲ್ ಮತ್ತೆ ಕಾಪಿ ಆಗುತ್ತಿದ್ದರೆ ಹೋಗುವ ಡಿಸ್ಕ್ ಬಹುಶಃ ಫ್ಯಾಟ್32 ಎಂಬ ಹಳೆಯ ಫೈಲ್ ವ್ಯವಸ್ಥೆಯದು: ಅದು ಸಮಯವನ್ನು ಎರಡೆರಡು ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತದೆ, ಹೋಲಿಕೆ ತಪ್ಪುತ್ತದೆ. /ಎಫ್‌ಎಫ್‌ಟಿ ಸೇರಿಸಿ. ಅದೇ ಫ್ಯಾಟ್32ಕ್ಕೆ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಯುವುದೂ ಇಲ್ಲ. ಡಿಸ್ಕಿನಲ್ಲಿ ಇಷ್ಟೊಂದು ಜಾಗ ಇದ್ದೂ ಮದುವೆ ವಿಡಿಯೋ ಏಕೆ ಹೋಗುತ್ತಿಲ್ಲ ಎನ್ನುವವರು ಇದನ್ನು ನೋಡಬೇಕು. ಖಾಲಿ ಇರುವಾಗಲೇ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ.

ಕಾಪಿ ಆದದ್ದು ನಿಜಕ್ಕೂ ಸರಿ ಇದೆಯೇ ಎಂದು ಖಾತ್ರಿ ಬೇಕಾದ ಫೈಲಿಗೆ ಎರಡೂ ಕಡೆ ಇದನ್ನು ಕೊಟ್ಟು ಹೋಲಿಸಿ. ಬರೆಯುವುದು ಸಿ-ಇ-ಆರ್-ಟಿ-ಯು-ಟಿ-ಐ-ಎಲ್:

ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್ ವಿಡಿಯೋ.ಎಂಪಿ4 ಎಸ್‌ಎಚ್‌ಎ256

ಉದ್ದನೆಯ ಸಂಖ್ಯೆ ಎರಡೂ ಕಡೆ ಒಂದೇ ಇದ್ದರೆ ಒಂದು ಬಿಟ್ ಕೂಡ ಬದಲಾಗಿಲ್ಲ. ಕಾರ್ಡ್ ಫಾರ್ಮ್ಯಾಟ್ ಮಾಡುವ ಮೊದಲು ಇಷ್ಟು ಮಾಡುವುದು ಒಳ್ಳೆಯದು.

ಹಾರ್ಡ್‌ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಅಥವಾ ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತೆಗೆದುಕೊಂಡರೆ ಮೊದಲು ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಓಡಿಸುವ ಚಾಳಿ ಬೇಡ. /ಆರ್ ಹಾಕಿದ ಚೆಕ್‌ಡಿಸ್ಕ್ ಇಡೀ ಡಿಸ್ಕನ್ನು ಉಜ್ಜಿ ಓದುತ್ತದೆ, ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು. ಮೊದಲು /ಆರ್:0 /ಡಬ್ಲ್ಯೂ:0 ಹಾಕಿದ ರೋಬೋಕಾಪಿಯಿಂದ ಬರುವಷ್ಟನ್ನು ತೆಗೆದುಕೊಳ್ಳಿ, ರಿಪೇರಿ ಆಮೇಲೆ.

ಬೇಕಾದ ಸಾಫ್ಟ್‌ವೇರ್ ಹಾಕಿಕೊಳ್ಳುವುದು

ಇಲ್ಲಿಂದ ಮುಂದಿನದಕ್ಕೆ ಹೊರಗಿನ ಸಾಫ್ಟ್‌ವೇರ್ ಬೇಕು. ಎಲ್ಲವೂ ಉಚಿತ. ಡೌನ್‌ಲೋಡ್ ಎಂದು ಹುಡುಕಿ ಸಿಕ್ಕ ಸೈಟಿನ ಹಸಿರು ಬಟನ್ ಒತ್ತುವ ಬದಲು ವಿಂಡೋಸ್‌ನ ಸಾಫ್ಟ್‌ವೇರ್ ಹಾಕಿಕೊಡುವ ಕಮಾಂಡ್ ವಿಂಗೆಟ್ ಬಳಸಿ:

ವಿಂಗೆಟ್ ಸರ್ಚ್ ಇಮೇಜ್‌ಮ್ಯಾಜಿಕ್

ಬಂದ ಪಟ್ಟಿಯಲ್ಲಿ ಐಡಿ ಎಂಬ ಕಾಲಂನಲ್ಲಿರುವುದನ್ನು ಕಾಪಿ ಮಾಡಿ, ವಿಂಗೆಟ್ ಇನ್‌ಸ್ಟಾಲ್ ಮುಂದೆ ಅಂಟಿಸಿ. ಹೀಗೆಯೇ ಘೋಸ್ಟ್‌ಸ್ಕ್ರಿಪ್ಟ್, ಕ್ಯೂಪಿಡಿಎಫ್, ಪಾಪ್ಲರ್, ಟೆಸರಾಕ್ಟ್, ರಿಪ್‌ಗ್ರೆಪ್ ಹಾಕಿಕೊಳ್ಳಿ. ಹಾಕಿದ ತಕ್ಷಣ ಅದೇ ಪರದೆಯಲ್ಲಿ ಕಮಾಂಡ್ ಕೊಟ್ಟರೆ ಗುರುತಿಸಲಿಲ್ಲ ಎಂದು ಬರುತ್ತದೆ. ಪರದೆ ಮುಚ್ಚಿ ಹೊಸದು ತೆರೆಯಿರಿ, ಹೊಸ ಸಾಫ್ಟ್‌ವೇರ್ ಎಲ್ಲಿದೆ ಎಂಬ ಪಾತ್ ಪಟ್ಟಿಯನ್ನು ತೆರೆಯುವಾಗಷ್ಟೇ ಓದುತ್ತದೆ. ಆಗಲೂ ಬಾರದಿದ್ದರೆ ಆ ಸಾಫ್ಟ್‌ವೇರಿನ ಫೋಲ್ಡರನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ಸ್‌ನ ಪಾತ್‌ಗೆ ಕೈಯಾರೆ ಸೇರಿಸಬೇಕು. ಘೋಸ್ಟ್‌ಸ್ಕ್ರಿಪ್ಟ್ ಮತ್ತು ಟೆಸರಾಕ್ಟ್‌ಗೆ ಸಾಮಾನ್ಯವಾಗಿ ಇದು ಬೇಕಾಗುತ್ತದೆ. ವಿಂಗೆಟ್ ಅಪ್‌ಗ್ರೇಡ್ --ಆಲ್ ಕೊಟ್ಟರೆ ಎಲ್ಲವೂ ಒಟ್ಟಿಗೆ ಹೊಸದಾಗುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಇದ್ದಾಗ ಬೇಡ, ದಿನದ ಡೇಟಾ ಅಲ್ಲೇ ಮುಗಿಯುತ್ತದೆ.

ಅರ್ಜಿಯ ಫೋಟೋ, ಸಹಿ

ಬ್ಯಾಂಕ್ ಪರೀಕ್ಷೆಗಳ ಐಬಿಪಿಎಸ್ ಅರ್ಜಿಯನ್ನೇ ತೆಗೆದುಕೊಳ್ಳಿ. ಫೋಟೋ 200 ಗುಣಿಸು 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 ಗುಣಿಸು 60, 10ರಿಂದ 20 ಕೆಬಿ. ಇಮೇಜ್‌ಮ್ಯಾಜಿಕ್‌ನಲ್ಲಿ ಇದು ಒಂದೇ ಸಾಲಿನ ಕೆಲಸ. ಕಮಾಂಡಿನ ಕೊನೆಯ ಅಕ್ಷರ ಕೆ, ಎಂ-ಎ-ಜಿ-ಐ-ಸಿ-ಕೆ ಎಂದು ಬರೆಯಬೇಕು:

ಮ್ಯಾಜಿಕ್ ಮೂಲ.ಜೆಪಿಜಿ -ಆಟೋ-ಓರಿಯೆಂಟ್ -ರಿಸೈಜ್ "200ಎಕ್ಸ್230^" -ಗ್ರಾವಿಟಿ ನಾರ್ತ್ -ಎಕ್ಸ್‌ಟೆಂಟ್ 200ಎಕ್ಸ್230 -ಸ್ಟ್ರಿಪ್ -ಡಿಫೈನ್ ಜೆಪಿಇಜಿ:ಎಕ್ಸ್‌ಟೆಂಟ್=50ಕೆಬಿ ಫೋಟೋ.ಜೆಪಿಜಿ

ಇಲ್ಲಿ ಪ್ರತಿ ತುಂಡಿಗೂ ಕಾರಣ ಇದೆ. ಮೊಬೈಲ್ ಫೋಟೋದಲ್ಲಿ ಚಿತ್ರ ಅಡ್ಡ ಇದ್ದು, ಹೇಗೆ ತಿರುಗಿಸಿ ತೋರಿಸಬೇಕು ಎಂಬ ಟಿಪ್ಪಣಿ ಒಳಗಿರುತ್ತದೆ. ಆಟೋ-ಓರಿಯೆಂಟ್ ಅದನ್ನು ನಿಜವಾಗಿಯೇ ತಿರುಗಿಸುತ್ತದೆ, ಆಮೇಲೆ ಸ್ಟ್ರಿಪ್ ಟಿಪ್ಪಣಿಗಳನ್ನೂ, ಫೋಟೋ ತೆಗೆದ ಜಾಗದ ಜಿಪಿಎಸ್ ವಿವರವನ್ನೂ ತೆಗೆಯುತ್ತದೆ. ಈ ಎರಡರ ಕ್ರಮ ತಪ್ಪಿದರೆ ಅಭ್ಯರ್ಥಿ ಅರ್ಜಿಯಲ್ಲಿ ಮಲಗಿರುತ್ತಾನೆ. ^ ಚಿಹ್ನೆ ಎಂದರೆ ಚೌಕಟ್ಟು ಪೂರ್ತಿ ತುಂಬುವಷ್ಟು ದೊಡ್ಡದಿರಲಿ ಎಂದು. ಎಕ್ಸ್‌ಟೆಂಟ್ ಹೆಚ್ಚಾದದ್ದನ್ನು ಕತ್ತರಿಸುತ್ತದೆ. ಆ ಚಿಹ್ನೆ ಕಪ್ಪು ಪರದೆಗೆ ಬೇರೆಯೇ ಅರ್ಥದ್ದಾದ್ದರಿಂದ ಉದ್ಧರಣದೊಳಗೆ ಇರಲೇಬೇಕು. ಗ್ರಾವಿಟಿ ನಾರ್ತ್ ಎಂದರೆ ಮೇಲಿನ ಭಾಗ ಉಳಿಸಿಕೊ, ಕೆಳಗಿನಿಂದ ಕತ್ತರಿಸು. ಸೆಂಟರ್ ಎಂದು ಕೊಟ್ಟರೆ ನಿಂತು ತೆಗೆಸಿದ ಫೋಟೋದಲ್ಲಿ ತಲೆಯ ಮೇಲ್ಭಾಗ ಹೋಗುತ್ತದೆ. ಕೊನೆಯದು 50 ಕೆಬಿ ಮೀರದಂತೆ ಗುಣಮಟ್ಟವನ್ನು ತಾನೇ ಹೊಂದಿಸುತ್ತದೆ.

ಮೀರದಂತೆ ನೋಡುತ್ತದೆ, ಕಡಿಮೆ ಆಗದಂತೆ ನೋಡುವುದಿಲ್ಲ. ಬಿಳಿ ಹಾಳೆಯ ಮೇಲಿನ ಸಹಿ ನಾಲ್ಕೈದು ಕೆಬಿಗೆ ಇಳಿದು, ಅರ್ಜಿ ಅದನ್ನು ತಿರಸ್ಕರಿಸುತ್ತದೆ. ಆಗ ಡಿಫೈನ್ ಭಾಗ ತೆಗೆದು -ಕ್ವಾಲಿಟಿ 100 ಹಾಕಿ. ಆಗಲೂ ಕಡಿಮೆ ಬಂದರೆ, ಅರ್ಜಿ ಒಪ್ಪುವುದಾದರೆ, ಅಳತೆಯನ್ನೇ 280 ಗುಣಿಸು 120 ಮಾಡಿ.

ಹಳೆಯ ಬರಹಗಳಲ್ಲಿ ಮ್ಯಾಜಿಕ್ ಬದಲು ಕನ್ವರ್ಟ್ ಎಂದು ಇರುತ್ತದೆ. ವಿಂಡೋಸ್‌ನಲ್ಲಿ ಅದನ್ನು ಟೈಪ್ ಮಾಡಬೇಡಿ. ಅಲ್ಲಿ ಕನ್ವರ್ಟ್ ಎಂಬುದು ಡಿಸ್ಕಿನ ವ್ಯವಸ್ಥೆಯನ್ನು ಎನ್‌ಟಿಎಫ್‌ಎಸ್‌ಗೆ ಬದಲಿಸುವ ಬೇರೆಯೇ ಕಮಾಂಡ್.

ಇಳಕಲ್ ಸೀರೆ, ಗುಳೇದಗುಡ್ಡದ ಖಣದ ವ್ಯಾಪಾರಿಗಳು ವಾಟ್ಸ್ಯಾಪಿನಲ್ಲಿ ಕಳಿಸಲು ಇಡೀ ಫೋಲ್ಡರಿನ ಡಿಸೈನ್ ಫೋಟೋಗಳನ್ನು ಒಟ್ಟಿಗೆ ಸಣ್ಣದು ಮಾಡಿಕೊಡಿ ಎನ್ನುತ್ತಾರೆ. ಅದಕ್ಕೆ ಫಾರ್ ಲೂಪ್, ಅಂದರೆ ಒಂದೇ ಕಮಾಂಡನ್ನು ಪ್ರತಿ ಫೈಲಿಗೂ ಓಡಿಸುವ ಸಾಲು. ಮೊದಲು ಎಂಕೆಡಿಐಆರ್ ಸಣ್ಣ ಎಂದು ಫೋಲ್ಡರ್ ಮಾಡಿ, ಇಮೇಜ್‌ಮ್ಯಾಜಿಕ್ ತಾನಾಗಿ ಫೋಲ್ಡರ್ ಮಾಡುವುದಿಲ್ಲ. ಆಮೇಲೆ:

ಫಾರ್ %ಎಫ್ ಇನ್ (*.ಜೆಪಿಜಿ) ಡು ಎಕೋ ಮ್ಯಾಜಿಕ್ "%ಎಫ್" -ಆಟೋ-ಓರಿಯೆಂಟ್ -ರಿಸೈಜ್ "1280ಎಕ್ಸ್1280>" -ಕ್ವಾಲಿಟಿ 85 "ಸಣ್ಣ\%ಎಫ್"

ನಡುವೆ ಇರುವ ಎಕೋ ಇಲ್ಲಿ ನೋಡುವ ದಾರಿ: ಏನನ್ನೂ ಮಾಡದೆ, ಮಾಡಲಿರುವ ಕಮಾಂಡುಗಳನ್ನು ಸಾಲಾಗಿ ಬರೆದು ತೋರಿಸುತ್ತದೆ. ಸರಿ ಕಂಡರೆ ಎಕೋ ತೆಗೆದು ಮತ್ತೆ ಓಡಿಸಿ. > ಚಿಹ್ನೆ ಎಂದರೆ 1280ಕ್ಕಿಂತ ದೊಡ್ಡವನ್ನು ಮಾತ್ರ ಇಳಿಸು, ಸಣ್ಣವನ್ನು ಹಿಗ್ಗಿಸಬೇಡ. ಇದೂ ಉದ್ಧರಣದೊಳಗೇ ಇರಬೇಕು, ಹೊರಗೆ ಬಂದರೆ ಫೈಲಿಗೆ ಬರೆಯುವ ಚಿಹ್ನೆ ಆಗುತ್ತದೆ. ಇದೇ ಸಾಲನ್ನು ಬ್ಯಾಟ್ ಫೈಲಿನಲ್ಲಿ (ಕಮಾಂಡುಗಳನ್ನು ಬರೆದಿಟ್ಟು ಒಟ್ಟಿಗೆ ಓಡಿಸುವ ಪಠ್ಯ ಫೈಲ್) ಬರೆದಿಟ್ಟುಕೊಳ್ಳುವಾಗ %ಎಫ್ ಇದ್ದಲ್ಲೆಲ್ಲ %%ಎಫ್ ಎಂದು ಎರಡು ಹಾಕಬೇಕು. ಮಾಗ್ರಿಫೈ ಎಂಬ ಇನ್ನೊಂದು ಕಮಾಂಡ್ ಸುಲಭ ಎನಿಸುತ್ತದೆ, ಆದರೆ -ಪಾತ್ ಕೊಡದಿದ್ದರೆ ಮೂಲ ಫೋಟೋದ ಮೇಲೆಯೇ ಬರೆಯುತ್ತದೆ. ಗಿರಾಕಿಯ ಫೋಟೋಕ್ಕೆ ಅದನ್ನು ಬಳಸದಿರುವುದೇ ಮೇಲು.

ಪಿಡಿಎಫ್

ಉತಾರ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಸ್ಕ್ಯಾನ್ ಮಾಡಿದ ಪಿಡಿಎಫ್ ಭಾರ ಇಳಿಸಲು ಘೋಸ್ಟ್‌ಸ್ಕ್ರಿಪ್ಟ್:

ಜಿಎಸ್‌ವಿನ್64ಸಿ -ಎಸ್‌ಡಿವೈಸ್=ಪಿಡಿಎಫ್‌ರೈಟ್ -ಡಿಪಿಡಿಎಫ್‌ಸೆಟ್ಟಿಂಗ್ಸ್=/ಇಬುಕ್ -ಓ ಸಣ್ಣ.ಪಿಡಿಎಫ್ ಮೂಲ.ಪಿಡಿಎಫ್

ಡಿವೈಸ್ ಮತ್ತು ಪಿಡಿಎಫ್‌ಸೆಟ್ಟಿಂಗ್ಸ್ ಪೂರ್ತಿ ದೊಡ್ಡಕ್ಷರ, ಅವುಗಳ ಮುಂದಿನ ಎಸ್ ಮತ್ತು ಡಿ ಸಣ್ಣಕ್ಷರ. ಇಬುಕ್ ಎಂದರೆ ಚಿತ್ರಗಳು 150 ಡಿಪಿಐಗೆ, ಸ್ಕ್ರೀನ್ ಎಂದರೆ 72ಕ್ಕೆ, ಪ್ರಿಂಟರ್ ಎಂದರೆ 300ಕ್ಕೆ ಇಳಿಯುತ್ತವೆ. ಕನ್ನಡ ದಾಖಲೆಗೆ ಸ್ಕ್ರೀನ್ ಬೇಡ. ಇಂಗ್ಲಿಷ್ ಅಕ್ಷರ 72ರಲ್ಲಿಯೂ ಹೇಗೋ ಓದಿಸುತ್ತದೆ, ನಮ್ಮ ಒತ್ತಕ್ಷರ ಕಲೆಯಾಗುತ್ತದೆ. ಸರ್ವೆ ನಂಬರಿನ ಹಿಸ್ಸೆ ಓದಲು ಬಾರದಿದ್ದರೆ ಅರ್ಜಿ ಹಿಂದೆ ಬರುತ್ತದೆ. ಸಣ್ಣ, ಮೂಲ ಎಂಬ ಎರಡೂ ಹೆಸರು ಒಂದೇ ಆದರೆ ಮೂಲ ಹಾಳಾಗುತ್ತದೆ. ಒಳಗೆ ಚಿತ್ರ ಇಲ್ಲದ, ಟೈಪ್ ಮಾಡಿದ ಪಿಡಿಎಫ್ ಇದರಿಂದ ಇಳಿಯುವುದಿಲ್ಲ.

ಹಲವು ಪಿಡಿಎಫ್ ಸೇರಿಸಲು ಕ್ಯೂಪಿಡಿಎಫ್:

ಕ್ಯೂಪಿಡಿಎಫ್ --ಎಂಪ್ಟಿ --ಪೇಜಸ್ ಒಂದು.ಪಿಡಿಎಫ್ ಎರಡು.ಪಿಡಿಎಫ್ -- ಒಟ್ಟು.ಪಿಡಿಎಫ್

ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ತೆಗೆಯಲೂ ಇದೇ ಸಾಫ್ಟ್‌ವೇರ್, --ಪಾಸ್‌ವರ್ಡ್= ಮತ್ತು --ಡಿಕ್ರಿಪ್ಟ್ ಸೇರಿಸಿ. ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಇದನ್ನು ವಿಂಡೋಸ್‌ನ ಇನ್ನೊಂದು ಕಮಾಂಡ್ ಪರದೆಯಾದ ಪವರ್‌ಶೆಲ್‌ನಲ್ಲಿ ಮಾಡಬೇಡಿ, ಅದು ಟೈಪ್ ಮಾಡಿದ ಸಾಲುಗಳನ್ನು ಒಂದು ಫೈಲಿನಲ್ಲಿ ಉಳಿಸಿಡುತ್ತದೆ; ಸಿಎಂಡಿಯ ನೆನಪು ಪರದೆ ಮುಚ್ಚಿದ ಕೂಡಲೇ ಹೋಗುತ್ತದೆ. ಪ್ರಿಂಟ್ ಕೊಟ್ಟಮೇಲೆ ಪಾಸ್‌ವರ್ಡ್ ಇಲ್ಲದ ಕಾಪಿಯನ್ನು ಅಳಿಸಿ. ಅಂಗಡಿಯ ಡೆಸ್ಕ್‌ಟಾಪ್ ತುಂಬ ಊರವರ ಆಧಾರ್ ಬಿದ್ದಿರುವುದು ಸರಿಯಲ್ಲ.

ಕನ್ನಡ ಅಕ್ಷರ

ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಅಲ್ಲಿ ಕನ್ನಡ ಇರುವುದು ಫಾಂಟಿನ ಚಿತ್ರದಲ್ಲಷ್ಟೇ, ಅಕ್ಷರದ ಸಂಕೇತದಲ್ಲಿ ಇಲ್ಲ. ಪುಟವನ್ನು ಚಿತ್ರ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಓಸಿಆರ್‌ನಿಂದ ಓದಿಸುವುದು ಒಂದು ದಾರಿ. ಅದಕ್ಕಿರುವ ಟೆಸರಾಕ್ಟ್ ನೇರವಾಗಿ ಪಿಡಿಎಫ್ ಓದುವುದಿಲ್ಲ, ಆದ್ದರಿಂದ ಪಾಪ್ಲರ್‌ನ ಪಿಡಿಎಫ್‌ಟುಪಿಪಿಎಂ ಮೊದಲು:

ಪಿಡಿಎಫ್‌ಟುಪಿಪಿಎಂ -ಆರ್ 300 -ಪಿಎನ್‌ಜಿ ಮೂಲ.ಪಿಡಿಎಫ್ ಪುಟ

ಟೆಸರಾಕ್ಟ್ ಪುಟ-1.ಪಿಎನ್‌ಜಿ ಪಠ್ಯ1 -ಎಲ್ ಕನ್+ಇಂಗ್

ಟು ಎಂಬುದು ಟಿ-ಒ. ಭಾಷೆಗೆ ಕೆ-ಎ-ಎನ್, ಇ-ಎನ್-ಜಿ. 300 ಡಿಪಿಐಗಿಂತ ಇಳಿದರೆ ತಪ್ಪುಗಳು ಬಹಳ ಹೆಚ್ಚುತ್ತವೆ. ಪಠ್ಯ1ರ ಮುಂದೆ ಟಿಎಕ್ಸ್‌ಟಿ ಬರೆಯಬೇಡಿ, ಅದನ್ನು ಟೆಸರಾಕ್ಟ್ ತಾನೇ ಸೇರಿಸುತ್ತದೆ. ಇನ್‌ಸ್ಟಾಲ್ ಮಾಡುವಾಗ ವಿಂಗೆಟ್ ಸಾಲಿಗೆ --ಇಂಟರಾಕ್ಟಿವ್ ಸೇರಿಸಿ, ತೆರೆದ ಕಿಟಕಿಯ ಹೆಚ್ಚುವರಿ ಭಾಷೆಗಳ ಪಟ್ಟಿಯಲ್ಲಿ ಕನ್ನಡಕ್ಕೆ ಟಿಕ್ ಹಾಕದಿದ್ದರೆ ಕನ್ ಸಿಗಲಿಲ್ಲ ಎಂದು ನಿಲ್ಲುತ್ತದೆ. ಬೆಳಗಾವಿಯ ಕಾಗದಪತ್ರಗಳಲ್ಲಿ ಮರಾಠಿಯೂ ಇರುವುದರಿಂದ ಅಲ್ಲಿಯವರು ಮರಾಠಿಗೂ ಟಿಕ್ ಹಾಕಿ ಕನ್+ಮಾರ್+ಇಂಗ್ ಎಂದು ಕೊಡಲಿ. ಅಂಕಿಗಳನ್ನು ಮಾತ್ರ ಕಣ್ಣಿನಿಂದಲೇ ತಾಳೆ ನೋಡಬೇಕು: ಕನ್ನಡದ ಸೊನ್ನೆ ಮತ್ತು ಅನುಸ್ವಾರ ಒಂದೇ ಆಕಾರ, ಓಸಿಆರ್ ಅಲ್ಲಿ ಎಡವುತ್ತದೆ.

ನೂರಾರು ಪಠ್ಯ ಫೈಲುಗಳಲ್ಲಿ ಒಂದು ಪದ ಹುಡುಕಲು ರಿಪ್‌ಗ್ರೆಪ್, ಕಮಾಂಡ್ ಆರ್‌ಜಿ. ಕನ್ನಡಕ್ಕೆ ವಿಂಡೋಸ್‌ನ ಫೈಂಡ್‌ಎಸ್‌ಟಿಆರ್ ನಂಬಬೇಡಿ. ಪದ ಕಣ್ಣೆದುರಿಗೇ ಇದ್ದರೂ ಸಿಗದಿದ್ದರೆ ಕಾರಣ ಸಾಮಾನ್ಯವಾಗಿ ಒತ್ತಕ್ಷರ ಆಗದಂತೆ ತಡೆಯುವ, ಕಾಣದ ಒಂದು ಅಕ್ಷರ. ಸಾಫ್ಟ್‌ವೇರ್ ಎಂಬುದನ್ನು ಒಬ್ಬರು ಅದನ್ನು ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಹಾಕದೆ. ಆರ್‌ಜಿ "ಸಾಫ್ಟ್.?ವೇರ್" ಎಂದು ಹುಡುಕಿದರೆ ಎರಡೂ ಸಿಗುತ್ತವೆ.

ರಾತ್ರಿಯ ಬ್ಯಾಕಪ್

ಕೊನೆಗೆ, ಅಂಗಡಿ ಮುಚ್ಚುವ ಹೊತ್ತಿಗೆ ತಾನಾಗಿ ನಡೆಯುವ ಬ್ಯಾಕಪ್. ನೋಟ್‌ಪ್ಯಾಡಿನಲ್ಲಿ ಈ ಸಾಲುಗಳನ್ನು ಬರೆದು ಬ್ಯಾಕಪ್.ಬಿಎಟಿ ಎಂದು ಸೇವ್ ಮಾಡಿ:

@ಎಕೋ ಆಫ್

ಸಿಎಚ್‌ಸಿಪಿ 65001 >ಎನ್‌ಯುಎಲ್

ಇಫ್ ನಾಟ್ ಎಕ್ಸಿಸ್ಟ್ ಇ:\ಗುರುತು.ಟಿಎಕ್ಸ್‌ಟಿ ಎಕ್ಸಿಟ್ /ಬಿ 9

ರೋಬೋಕಾಪಿ "ಡಿ:\ಕೆಲಸ" "ಇ:\ಕೆಲಸ" /ಇ /ಝಡ್ /ಆರ್:2 /ಡಬ್ಲ್ಯೂ:5 /ಯುಎನ್‌ಐಲಾಗ್:ಡಿ:\ಲಾಗ್.ಟಿಎಕ್ಸ್‌ಟಿ

ಇಫ್ ಎರರ್‌ಲೆವೆಲ್ 8 ಸ್ಟಾರ್ಟ್ "" ಡಿ:\ಲಾಗ್.ಟಿಎಕ್ಸ್‌ಟಿ

ಸೇವ್ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ, ಯುಟಿಎಫ್-8 ವಿತ್ ಬಿಓಎಂ ಬೇಡ. ಬಿಓಎಂ ಎಂಬುದು ಫೈಲಿನ ಆರಂಭಕ್ಕೆ ಸೇರುವ ಕಾಣದ ಗುರುತು, ಅದಿದ್ದರೆ ಮೊದಲ ಸಾಲೇ ಅರ್ಥವಾಗದೆ ದೋಷ ತೋರಿಸುತ್ತದೆ. ಮೂರನೇ ಸಾಲಿಗಾಗಿ ಬ್ಯಾಕಪ್ ಡಿಸ್ಕಿನಲ್ಲಿ ಗುರುತು ಎಂಬ ಖಾಲಿ ಪಠ್ಯ ಫೈಲನ್ನು ಒಮ್ಮೆ ಇಟ್ಟುಬಿಡಿ. ಆ ದಿನ ಇ ಡ್ರೈವಿನ ಜಾಗದಲ್ಲಿ ಗಿರಾಕಿಯ ಪೆನ್‌ಡ್ರೈವ್ ಕೂತಿದ್ದರೆ ಗುರುತು ಸಿಗದೆ ಬ್ಯಾಕಪ್ ಅಲ್ಲೇ ನಿಲ್ಲುತ್ತದೆ, ನಿಮ್ಮ ಕೆಲಸವೆಲ್ಲ ಬೇರೆಯವರ ಪೆನ್‌ಡ್ರೈವಿಗೆ ಹೋಗುವುದಿಲ್ಲ. ಲಾಗ್‌ಗೆ ಯುಎನ್‌ಐ ಸೇರಿಸಿದ್ದು ಕನ್ನಡ ಹೆಸರುಗಳು ಸರಿಯಾಗಿ ಬರಲೆಂದು. ಕೊನೆಯ ಸಾಲು, ಏನಾದರೂ ಕಾಪಿ ಆಗದೆ ಉಳಿದರೆ ಲಾಗನ್ನು ತೆರೆದು ತೋರಿಸುತ್ತದೆ.

ಇದನ್ನು ಟಾಸ್ಕ್ ಶೆಡ್ಯೂಲರ್‌ನಲ್ಲಿ ದಿನಕ್ಕೊಮ್ಮೆ ಎಂದು ಹಾಕಿ, ಎರಡು ಟಿಕ್‌ಗಳನ್ನು ನೋಡಿಕೊಳ್ಳಿ. ಕಂಡಿಷನ್ಸ್ ಪುಟದಲ್ಲಿ ಎಸಿ ಕರೆಂಟ್ ಇದ್ದರೆ ಮಾತ್ರ ಶುರು ಮಾಡು ಎಂಬ ಟಿಕ್ ಮೊದಲೇ ಇರುತ್ತದೆ, ಅದಿದ್ದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿರುವಾಗ ಬ್ಯಾಕಪ್ ಶುರುವಾಗುವುದೇ ಇಲ್ಲ. ಸೆಟ್ಟಿಂಗ್ಸ್ ಪುಟದಲ್ಲಿ ತಪ್ಪಿದ ಸಮಯದ ಕೆಲಸವನ್ನು ಆದಷ್ಟು ಬೇಗ ಮಾಡು ಎಂಬುದಕ್ಕೆ ಟಿಕ್ ಹಾಕಿ, ಆ ಹೊತ್ತಿಗೆ ಕರೆಂಟ್ ಇಲ್ಲದೆ ಸಿಸ್ಟಂ ಬಂದ್ ಇದ್ದರೆ ಮುಂದೆ ಆನ್ ಆದಾಗ ಓಡುತ್ತದೆ. ಲಾಸ್ಟ್ ರನ್ ರಿಸಲ್ಟ್‌ನಲ್ಲಿ 0x1 ಎಂದು ಕಂಡು ಗಾಬರಿಯಾಗಬೇಡಿ. ಬೇರೆ ಕಮಾಂಡಿಗೆ ಒಂದು ಎಂದರೆ ದೋಷ, ರೋಬೋಕಾಪಿಗೆ ಒಂದು ಎಂದರೆ ಹೊಸ ಫೈಲ್ ಕಾಪಿ ಆಯಿತು ಎಂದು. ಸೊನ್ನೆ ಎಂದರೆ ಕಾಪಿ ಮಾಡಲು ಹೊಸದೇನೂ ಇರಲಿಲ್ಲ. 0x8 ಮತ್ತು ಅದಕ್ಕಿಂತ ಮೇಲೆ ಬಂದರೆ ಲಾಗ್ ತೆರೆದು ಎರರ್ ಎಂಬ ಸಾಲು ಹುಡುಕಿ. ಮೂರನೇ ಸಾಲಿನಲ್ಲಿ ನೀವು ಕೊಟ್ಟ 9 (0x9) ಬಂದರೆ ಲಾಗ್ ನೋಡುವ ಮೊದಲು ಬ್ಯಾಕಪ್ ಡಿಸ್ಕಿನ ಕೇಬಲ್ ಚುಚ್ಚಿದೆಯೇ ನೋಡಿ.